ಶರಾವತಿಯ ಹಿನ್ನೀರಿನಲ್ಲಿ ಎರಡು ಪಯಣ

ಗುಳೇದಗುಡ್ಡದವರಾದ ನಾವು ಕಲ್ಲು ಸೀಮೆಯ ಜನ. ಊರ ಸುತ್ತಲೂ ಕೆಂಬಂಡೆಯ ಗುಡ್ಡಗಳು. ಓಣಿಗಳಲ್ಲಿ ಮಗ್ಗದ ಸಪ್ಪಳ. ಬೇಸಿಗೆ ಬಂತೆಂದರೆ ಕೊಡ ಹಿಡಿದು ಕಾಯುವ ಸಾಲು. ನೀರೆಂದರೆ ನಮಗೆ ಕೆರೆ, ಬಾವಿ, ಹೆಚ್ಚೆಂದರೆ ಪಟ್ಟದಕಲ್ಲು ಐಹೊಳೆಗಳ ಬಳಸಿ ಹರಿಯುವ ಮಲಪ್ರಭೆ. ಇಂಥ ಸೀಮೆಯಿಂದ ಹೊರಟವರಿಗೆ, ಬಸ್ಸು ಕಾರುಗಳೆಲ್ಲ ನೀರಿನ ಮೇಲೆ ತೇಲುತ್ತ ಹೋಗುವ ದಾರಿಯೊಂದು ನಮ್ಮ ನಾಡಿನಲ್ಲಿಯೇ ಉಂಟೆಂದರೆ ಅಚ್ಚರಿಯಾಗದೆ ಇದ್ದೀತೆ? ಸಾಗರ ತಾಲೂಕಿನ ಹೊಳೆಬಾಗಿಲಿನ ಲಾಂಚು ಅಂಥ ದಾರಿಯಾಗಿತ್ತು. ಅದನ್ನು ನಾವು ಕಂಡದ್ದು 2009ರ ಡಿಸೆಂಬರ್ ತಿಂಗಳಿನಲ್ಲಿ. ಮತ್ತೆ ಅಲ್ಲಿಗೆ ಹೋದದ್ದು 2025ರ ನವೆಂಬರಿನಲ್ಲಿ. ಮೊದಲ ಸಲ ದಾಟಿಸಿದ್ದು ಲಾಂಚು, ಎರಡನೆಯ ಸಲ ಸೇತುವೆ. ಈ ಎರಡು ಪಯಣಗಳ ನಡುವೆ ನಮಗೆ ತಿಳಿದುಬಂದ ಒಂದು ಮಾತನ್ನು ಓದುಗ ಬಂಧುಗಳ ಮುಂದೆ ಇಡಬೇಕೆಂದು ಈ ಬರಹ.

ಬಯಲಿನಿಂದ ಮಲೆಗೆ

ಮೊದಲ ಸಲ ನಾವು ಹನ್ನೊಂದು ಮಂದಿ ಒಂದು ಕ್ರೂಸರ್ ವಾಹನದಲ್ಲಿ ಹೊರಟಿದ್ದೆವು. ನಮ್ಮ ಓಣಿಯ ಎರಡು ನೇಕಾರ ಮನೆತನದವರು, ಒಬ್ಬ ನಿವೃತ್ತ ಶಿಕ್ಷಕರು, ನಾಲ್ವರು ತಾಯಂದಿರು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದ ತಾಯಿಯೊಬ್ಬರಿಗೆ ಆಗಲೇ ಎಪ್ಪತ್ತು ದಾಟಿತ್ತು. ಅವರ ತವರು ಹಳೆಯ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಏರಿದಾಗ ಅವರ ತವರುಮನೆ ನಿಂತ ಓಣಿಯೂ ಮುಳುಗಡೆಯ ಪಟ್ಟಿಗೆ ಸೇರಿತು. ಅಣ್ಣತಮ್ಮಂದಿರು ನವನಗರಕ್ಕೆ ಹೋದರು. ಆ ತಾಯಿ ಅಲ್ಲಿಂದಾಚೆಗೆ ತವರಿಗೆ ಹೋಗುತ್ತೇನೆಂಬ ಮಾತನ್ನೇ ಆಡುತ್ತಿರಲಿಲ್ಲ. "ನವನಗರಕ್ಕ ಹೋಗಿ ಬರ್ತೀನಿ" ಎನ್ನುತ್ತಿದ್ದರು. ಹೊರಡುವ ದಿನ ತಮ್ಮ ಮನೆಯ ಮಗ್ಗದಲ್ಲಿಯೇ ನೇಯ್ದ ಒಂದು ಖಣವನ್ನು ಚೀಲದಲ್ಲಿ ಇಟ್ಟುಕೊಂಡಿದ್ದರು. ಗುಳೇದಗುಡ್ಡದ ಖಣವಿಲ್ಲದೆ ನಮ್ಮ ಕಡೆ ಉಡಿ ತುಂಬುವುದುಂಟೆ? ಶರಾವತಿ ತಾಯಿಗೆ ಉಡಿ ತುಂಬಬೇಕೆಂಬುದು ಅವರ ಇಚ್ಛೆಯಾಗಿತ್ತು.

ನಸುಕಿನಲ್ಲಿ ಊರು ಬಿಟ್ಟು ಬಾದಾಮಿ, ಕುಳಗೇರಿ ಕ್ರಾಸು, ನರಗುಂದ, ನವಲಗುಂದಗಳ ಮೇಲೆ ಹುಬ್ಬಳ್ಳಿಯನ್ನು ಸೇರಿದೆವು. ಬಾದಾಮಿಯ ಕೆಂಗಲ್ಲು ಮುಗಿದಲ್ಲಿ ಎರೆಯ ಭೂಮಿ ಮೊದಲಾಗುತ್ತದೆ. ಕಣ್ಣು ಹಾಯುವವರೆಗೆ ಜೋಳ, ಕಡಲೆ. ಅಡ್ಡಲಾಗಿ ಒಂದು ಮರವಿಲ್ಲ. ತಡಸ, ಮುಂಡಗೋಡಗಳನ್ನು ದಾಟುವಾಗ ನೆಲದ ಬಣ್ಣ ಮತ್ತೆ ಕೆಂಪಾಯಿತು. ಬಿದಿರು, ಸಾಗವಾನಿಗಳು ದಾರಿಗೆ ಬಾಗಿದವು. ಶಿರಸಿಯ ಹತ್ತಿರ ಒಂದು ಅಡಿಕೆ ತೋಟದ ಅಂಚಿನಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯನ್ನು ಕಂಡು ತೋಟದವರು ಮಜ್ಜಿಗೆ ತಂದು ಕೊಟ್ಟರು. ಸಿದ್ದಾಪುರ, ತಾಳಗುಪ್ಪಗಳನ್ನು ದಾಟಿ ಕತ್ತಲಾಗುವ ಹೊತ್ತಿಗೆ ಸಾಗರದ ಭಕ್ತರೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಒಂದೇ ಹಗಲಿನಲ್ಲಿ ಮುನ್ನೂರು ಕಿಲೋಮೀಟರಿನಷ್ಟು ದಾರಿ. ಅಷ್ಟರಲ್ಲಿ ಮೂರು ನಾಡು ಕಂಡಂತಾಯಿತು.

ಮರುದಿನ ಮುಂಜಾನೆ ಮೊದಲು ಇಕ್ಕೇರಿಗೆ ಹೋದೆವು. ಕೆಳದಿಯ ಅರಸರು 1499ರಿಂದ 1763ರವರೆಗೆ ಕೆಳದಿ, ಇಕ್ಕೇರಿ, ಬಿದನೂರುಗಳಲ್ಲಿ ಆಳಿದವರು; ಲಿಂಗವಂತ ಮನೆತನದವರು. ಶಿಸ್ತಿನ ಶಿವಪ್ಪನಾಯಕನ ಹೆಸರು ಇಂದಿಗೂ ರೈತರ ಬಾಯಲ್ಲಿದೆ. ಮೊಗಲರ ಸೇನೆ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟವಳು ಈ ಮನೆತನದ ರಾಣಿ ಚೆನ್ನಮ್ಮಾಜಿ. ಅವಳ ದತ್ತುಪುತ್ರ ಬಸವಪ್ಪನಾಯಕನು ಸಂಸ್ಕೃತದಲ್ಲಿ ಶಿವತತ್ತ್ವ ರತ್ನಾಕರವೆಂಬ ದೊಡ್ಡ ಕೋಶವನ್ನು ರಚಿಸಿದನು. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ಕಂಡದ್ದನ್ನು ಬರೆದಿಟ್ಟಿದ್ದಾನೆ. ಅವನು ಕಂಡ ಪಟ್ಟಣ ಇಂದಿಲ್ಲ. ಅಘೋರೇಶ್ವರ ದೇವಾಲಯ, ಅದರೆದುರಿನ ನಂದಿಮಂಟಪಗಳು ಮಾತ್ರ ಹುಲ್ಲಿನ ನಡುವೆ ಮೌನವಾಗಿ ನಿಂತಿವೆ. ಊರು ಅಳಿದು ಗುಡಿ ಉಳಿದದ್ದನ್ನು ಅಲ್ಲಿ ಕಂಡೆವು. ಗುಡಿಯೂ ಉಳಿಯದ ಊರುಗಳನ್ನು ಇನ್ನೊಂದು ಗಳಿಗೆಯಲ್ಲಿ ಕಾಣಲಿದ್ದೆವೆಂಬುದು ನಮಗಾಗ ಹೊಳೆದಿರಲಿಲ್ಲ.

ಲಾಂಚಿನ ಮೇಲೆ

ಆವಿನಹಳ್ಳಿಯನ್ನು ದಾಟಿ ಕಾಡಿನ ತಿರುವುಗಳಲ್ಲಿ ಇಳಿಯುತ್ತ ಹೋದಂತೆ ಡಾಂಬರು ರಸ್ತೆ ನೇರವಾಗಿ ನೀರಿನೊಳಗೇ ಹೊಕ್ಕಿತು! ಮುಂದೆ ರಸ್ತೆಯಿಲ್ಲ. ಅದುವೇ ಹೊಳೆಬಾಗಿಲು, ಅಂಬಾರಗೋಡ್ಲು ದಡ. ಎದುರಿಗೆ ಎರಡು ಕಿಲೋಮೀಟರಿನಾಚೆ ಕಳಸವಳ್ಳಿಯ ದಡ ಮಸುಕಾಗಿ ತೋರುತ್ತಿತ್ತು. ನಮ್ಮ ಮುಂದೆ ಒಂದು ಬಸ್ಸು, ಆರೇಳು ಕಾರು, ಅಡಿಕೆ ಮೂಟೆ ಹೊತ್ತ ಒಂದು ಟೆಂಪೋ, ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡ ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಲಾಂಚು ದಡಕ್ಕೆ ಮೂಗು ತಾಗಿಸಿ ಕಬ್ಬಿಣದ ಹಲಗೆಯನ್ನು ಇಳಿಬಿಟ್ಟಿತು. ವಾಹನಗಳು ಒಂದೊಂದಾಗಿ ಏರಿದವು; ನಾವೂ ಏರಿದೆವು. ಹಲಗೆ ಮೇಲೆದ್ದಿತು, ಎಂಜಿನ್ನು ಗುಡುಗಿತು, ನೆಲ ನಮ್ಮಿಂದ ಮೆಲ್ಲಗೆ ದೂರ ಸರಿಯಿತು.

ಆ ನೋಟವನ್ನು ಹೇಗೆ ಬಣ್ಣಿಸೋಣ! ಸುತ್ತಲೂ ಸಹ್ಯಾದ್ರಿಯ ಹಸಿರು ಗುಡ್ಡಗಳು ಒಂದರ ಹಿಂದೊಂದು ನೀಲಿಯಾಗುತ್ತ ಹೋಗಿದ್ದವು. ಅವುಗಳ ಸಂದುಸಂದಿನಲ್ಲಿ ನೀರು ಕೈಚಾಚಿ ಮಲಗಿತ್ತು. ಒಂದು ಕಾಲಕ್ಕೆ ಗುಡ್ಡದ ನೆತ್ತಿಗಳಾಗಿದ್ದವು ಈಗ ನಡುಗಡ್ಡೆಗಳು. ಅಲ್ಲಲ್ಲಿ ಸತ್ತ ಮರಗಳ ಬೋಳು ಕಾಂಡಗಳು ನೀರಿನಿಂದ ಮೇಲೆದ್ದು, ಅವುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕುಳಿತಿದ್ದವು. ನಾವು ಕೈಯಲ್ಲಿ ಕಿರುಹೊತ್ತಿಗೆ ಹಿಡಿದು ಬರೆದುಕೊಳ್ಳತೊಡಗಿದೆವು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. 128 ಕಿಲೋಮೀಟರು ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಜೋಗದಲ್ಲಿ 253 ಮೀಟರು ಧುಮುಕುತ್ತದೆ. ಲಿಂಗನಮಕ್ಕಿಯ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಪೂರ್ಣ ಮಟ್ಟ ಸಮುದ್ರದಿಂದ 1819 ಅಡಿ, ಧಾರಣಶಕ್ತಿ ಸುಮಾರು 151 ಟಿ.ಎಂ.ಸಿ. ಈ ನೀರಿನ ತಳದಲ್ಲಿ ಒಂದು ಇಡೀ ಅಣೆಕಟ್ಟೇ ಮುಳುಗಿದೆ ಎಂಬುದನ್ನು ನಮ್ಮ ಶಿಕ್ಷಕ ಮಿತ್ರರು ಹೇಳಿದರು. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಕಟ್ಟಿ 1948ರಲ್ಲಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟು ಅದು. ಹದಿನಾರೇ ವರ್ಷ ಬಾಳಿ, ತನಗಿಂತ ದೊಡ್ಡದಾದ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ. ಇದೆಲ್ಲವನ್ನೂ ನಾವು ಅಂಕಿಗಳ ಸಮೇತ ಬರೆದುಕೊಂಡೆವು.

ಆ ಹಿರಿಯ ತಾಯಿ ಮಾತ್ರ ಗುಡ್ಡಗಳನ್ನು ನೋಡುತ್ತಿರಲಿಲ್ಲ. ಲಾಂಚಿನ ಕಬ್ಬಿಣದ ಸರಳು ಹಿಡಿದು ಬಗ್ಗಿ ನೀರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಅವರದೇ ವಯಸ್ಸಿನ ಮಲೆನಾಡಿನ ಮುದುಕಿಯೊಬ್ಬರು ಔಷಧಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಮ್ಮ ತಾಯಿ ಅವರನ್ನು ಕೇಳಿದರು: "ಇದರ ತಳದಾಗ ಯಾವೂರು ಐತ್ರೀ, ಯವ್ವಾ?"

ಆ ಮುದುಕಿ ತುಸು ಹೊತ್ತು ಸುಮ್ಮನಿದ್ದರು. "ಹೀಗೆ ಯಾರೂ ಕೇಳೂದಿಲ್ಲ ಅಮ್ಮ. ಬಂದವರೆಲ್ಲ ಎಷ್ಟು ಆಳ ಅಂತ ಕೇಳ್ತಾರೆ" ಎಂದರು. ಬಳಿಕ ಊರಿನ ಹೆಸರು ಹೇಳಿದರು. ಮದುವೆಯಾಗಿ ಬಂದ ಮನೆ, ಅಂಗಳದ ಮುಂದಿನ ಗದ್ದೆ, ತೋಟದ ಬಾವಿ, ನೀರು ಬರುತ್ತದೆಂದು ಹೇಳಿದಾಗ ಊರವರು ನಂಬದೆ ಇದ್ದದ್ದು, ಕೊನೆಗೆ ಮೆಟ್ಟಿಲವರೆಗೆ ನೀರು ಬಂದ ಮೇಲೆ ಮನೆಯ ಹೆಂಚು ತೊಲೆಗಳನ್ನು ಕಳಚಿ ಹೊತ್ತದ್ದು, ಎಲ್ಲವನ್ನೂ ಹೇಳಿದರು. ಕೆಲವರು ದೂರದ ಕಾಡುಭೂಮಿಗೆ ಹೋದರು. ಇವರ ಮನೆಯವರು ಗುಡ್ಡ ಹತ್ತಿ ಆಚೆಯ ದಡದಲ್ಲಿಯೇ ಉಳಿದರು. ಅಲ್ಲಿ ಉಳಿದವರಿಗೆ ಮೂರು ದಿಕ್ಕಿಗೆ ನೀರು, ಒಂದು ದಿಕ್ಕಿಗೆ ಘಟ್ಟದ ಕಾಡು. ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲವೂ ಸಾಗರದಲ್ಲಿ. ಸಂಜೆಯ ಕೊನೆಯ ಲಾಂಚು ತಪ್ಪಿತೆಂದರೆ ಬೆಳಗಿನವರೆಗೆ ದಡದಲ್ಲಿ ಕಾಯಬೇಕು, ಇಲ್ಲವೆ ಕಾಡಿನ ಹಾದಿಯಲ್ಲಿ ಹತ್ತಾರು ಮೈಲು ಸುತ್ತಬೇಕು. ಅವರ ಸೊಸೆಗೆ ಹೆರಿಗೆಯ ನೋವು ಬಂದದ್ದು ನಡುರಾತ್ರಿಯಲ್ಲಿ. "ನೀರು ನೋಡ್ತಾ ಕೂತ್ವಿ, ಬೆಳಗಾಗ್ಲಿ ಅಂತ" ಎಂದಷ್ಟೇ ಹೇಳಿ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮುಂದಕ್ಕೆ ಕೇಳುವ ಧೈರ್ಯ ನಮಗೂ ಆಗಲಿಲ್ಲ.

ಸ್ವಲ್ಪ ತಡೆದು ಮತ್ತೆ ಅವರೇ ನಗುತ್ತ ಅಂದರು: "ಬೇಜಾರು ಮಾಡ್ಕೋಬೇಡಿ. ರಜೆ ದಿನ, ಜಾತ್ರೆ ದಿನ ನಿಮ್ಮಂಥವರ ಗಾಡಿಗಳೇ ಲಾಂಚು ತುಂಬ್ತವೆ. ನಾವು ಮುಂದಿನ ಲಾಂಚಿಗೆ ಕಾಯ್ತೀವಿ." ಆ ದಿನ ಭಾನುವಾರ. ನಮ್ಮ ವಾಹನ ಏರಿದ ಮೇಲೆ ದಡದಲ್ಲಿ ಉಳಿದವರಾರು ಎಂದು ನಾವು ಹಿಂದಿರುಗಿ ನೋಡಿರಲಿಲ್ಲ.

ಅಷ್ಟರಲ್ಲಿ ಕಳಸವಳ್ಳಿಯ ದಡ ಬಂದಿತು. ನೀರಿಗೆ ಉಡಿ ತುಂಬಬೇಕೆಂದು ತಂದ ಖಣವನ್ನು ನಮ್ಮ ತಾಯಿ ಚೀಲದಿಂದ ತೆಗೆದರು. ನೀರಿನ ಕಡೆಗೆ ಒಮ್ಮೆ ಕೈಮುಗಿದರು. ಆಮೇಲೆ ಆ ಮುದುಕಿಯ ಕಡೆಗೆ ತಿರುಗಿ, ಅವರ ಸೆರಗು ಹಿಡಿಸಿ, ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿಗಳನ್ನು ಅವರ ಉಡಿಗೇ ಹಾಕಿದರು. "ನಿಮ್ಮೂರು ಹೋತು, ನಮ್ಮ ತವರೂ ಹೋತು. ಇಬ್ಬರೂ ನೀರಿಗೆ ಕೊಟ್ಟೀವಿ. ಇನ್ನ ನೀರಿಗೆ ಮತ್ತ ಕೊಡೂದೇನೈತಿ?" ಎಂದರು. ಮಠದಲ್ಲಿ ವರ್ಷಗಟ್ಟಲೆ ಸ್ಥಾವರ ಜಂಗಮಗಳ ತತ್ತ್ವವನ್ನು ಪಾಠ ಮಾಡಿದವರು ನಾವು. ನಿಂತ ನೀರನ್ನು ಬಿಟ್ಟು ನಡೆದಾಡುವ ಜೀವಕ್ಕೆ ಕೊಟ್ಟ ಆ ಓದುಬರಹವಿಲ್ಲದ ಕೈಯನ್ನು ಕಂಡು ಸುಮ್ಮನಾದೆವು.

ಸಿಗಂದೂರಿನ ಗುಡಿಯನ್ನು ಕಂಡು, ತುಮರಿಯವರೆಗೆ ಹೋಗಿ, ಸಂಜೆಯ ಲಾಂಚಿಗೆ ಮರಳಿದೆವು. ಮರುದಿನ ಜೋಗ ನೋಡಿದೆವು. ಲಿಂಗನಮಕ್ಕಿಯಲ್ಲಿ ನೀರನ್ನು ಹಿಡಿದಿದ್ದುದರಿಂದ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಧಾರೆಗಳು ಬೆಳ್ಳಿಯ ಎಳೆಗಳಂತೆ ತೆಳ್ಳಗಾಗಿದ್ದವು. ಎಳೆ ಎಂದರೆ ನೇಕಾರರಿಗೆ ಬೇರೆ ಹೇಳಬೇಕೆ? "ಈ ಎಳಿ ಹಿಡಿದ ಮ್ಯಾಲ ನಾಡಿಗೆ ದೀಪ ಬಂದ್ವು" ಎಂದರು ನಮ್ಮೊಡನಿದ್ದವರೊಬ್ಬರು. ಸತ್ಯವಾದ ಮಾತು. ಒಂದು ಕಾಲಕ್ಕೆ ಕರ್ನಾಟಕದ ವಿದ್ಯುತ್ತಿನ ಬಹುಪಾಲು ಶರಾವತಿಯದೇ ಆಗಿತ್ತು. ನಾಡಿನ ಎಷ್ಟೋ ಮನೆಗಳ ಮೊದಲ ಬಲ್ಬು ಉರಿಯುವುದಕ್ಕಾಗಿ ಇಲ್ಲಿ ಎಷ್ಟೋ ಮನೆಗಳ ಒಲೆ ಆರಿತು. ಆ ಜನರಿಗೆ ಕೊಟ್ಟ ಅರಣ್ಯಭೂಮಿಯ ಹಕ್ಕಿನ ತಕರಾರು ದಶಕಗಳು ಕಳೆದರೂ ತೀರಲಿಲ್ಲ. ಈ ಮುಳುಗಡೆಯ ನೋವನ್ನು ಕನ್ನಡಿಗರಿಗೆ ಮುಟ್ಟಿಸಿದವರು ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರು. ಅವರ 'ಮುಳುಗಡೆ', 'ದ್ವೀಪ'ಗಳನ್ನು ಊರಿಗೆ ಬಂದ ಮೇಲೆ ಹುಡುಕಿ ಓದಿದೆವು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಡಿಸೋಜ ಅವರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು.

ನಾರ್ವೆಯ ಚಿತ್ರಗಳು

ನಮ್ಮ ಆ ತಾಯಿ 2017ರಲ್ಲಿ ಲಿಂಗೈಕ್ಯರಾದರು. ಅವರ ಮೊಮ್ಮಗನು ಎಂಜಿನಿಯರನಾಗಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ನೌಕರಿಯಲ್ಲಿದ್ದಾನೆ. ಕಳೆದ ದೀಪಾವಳಿಯ ಹೊತ್ತಿಗೆ ಊರಿಗೆ ಬಂದವನು ನಮಗೆ ಅಲ್ಲಿಯ ಫಿಯೋರ್ಡುಗಳ ಚಿತ್ರಗಳನ್ನು ತೋರಿಸಿದ. ಫಿಯೋರ್ಡು ಎಂದರೆ ಹಿಮಯುಗದಲ್ಲಿ ಹಿಮದ ಹೊಳೆಗಳು ಕೊರೆದ ಆಳವಾದ ಕಣಿವೆ. ಹಿಮ ಕರಗಿದ ಮೇಲೆ ಅದರೊಳಗೆ ಕಡಲು ನುಗ್ಗಿ ಬಂದಿದೆ. ಸೋಗ್ನೆ ಫಿಯೋರ್ಡು ಒಂದೇ 200 ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ ಒಳನಾಡಿಗೆ ಚಾಚಿದೆ; ಆಳ 1300 ಮೀಟರಿಗೂ ಮಿಗಿಲು. ರಸ್ತೆ ದಡಕ್ಕೆ ಬಂದು ನಿಲ್ಲುತ್ತದೆ. ವಾಹನಗಳನ್ನು ಹೊತ್ತ ಹಡಗು ಆಚೆ ದಾಟಿಸುತ್ತದೆ. ರಸ್ತೆ ಮತ್ತೆ ಮುಂದುವರಿಯುತ್ತದೆ. 2015ರಿಂದ ಅಲ್ಲೊಂದು ದೊಡ್ಡ ಹಡಗು ಬ್ಯಾಟರಿಯ ಬಲದಿಂದಲೇ ಓಡಾಡತೊಡಗಿತಂತೆ. ಹಾರ್ಡಾಂಗರ್ ಎಂಬ ಫಿಯೋರ್ಡಿನಲ್ಲಿ 2013ರಲ್ಲಿ ತೂಗುಸೇತುವೆ ಕಟ್ಟಿದ ಮೇಲೆ ಅಲ್ಲಿಯ ಹಡಗಿನ ದಾರಿ ನಿಂತುಹೋಯಿತು.

ಚಿತ್ರಗಳನ್ನು ನೋಡುತ್ತ ನಾವೆಂದೆವು: "ಇದು ನಮ್ಮ ಹೊಳೆಬಾಗಿಲೇ!" ಹುಡುಗ ನಕ್ಕು, "ಹೌದು ಅಜ್ಜಾರ, ನನಗೂ ಅಲ್ಲಿ ಮೊದಲ ಸಲ ಹಡಗು ಹತ್ತಿದಾಗ ಅಮ್ಮ ಹೇಳ್ತಿದ್ದ ಲಾಂಚು ನೆನಪಾತು. ಆದರ ಒಂದು ಫರಕ್ ಐತಿ. ಅಲ್ಲಿ ನೀರಿನ ತಳದಾಗ ಬರೇ ಬಂಡಿ ಐತಿ" ಎಂದ. ಎಷ್ಟು ದೊಡ್ಡ ಮಾತು! ಹಿಮ ಕೊರೆದ ಕಣಿವೆಯ ಚೆಲುವನ್ನು ಯಾರ ಹಂಗೂ ಇಲ್ಲದೆ ನೋಡಬಹುದು. ಮನುಷ್ಯನು ಗೋಡೆ ಕಟ್ಟಿ ತುಂಬಿಸಿದ ಕಣಿವೆಯ ಚೆಲುವನ್ನು ನೋಡುವವರ ತಲೆಯ ಮೇಲೆ ಒಂದು ಋಣವಿರುತ್ತದೆ. ಅಮ್ಮ ಖಣ ಕೊಟ್ಟ ಜಾಗವನ್ನು ನೋಡಬೇಕೆಂದು ಹುಡುಗ ಹಟ ಹಿಡಿದ. ಹೀಗೆ ನಮ್ಮ ಎರಡನೆಯ ಪಯಣವಾಯಿತು.

ಸೇತುವೆಯ ಮೇಲೆ

ಹೊಳೆಬಾಗಿಲಿನಲ್ಲಿ ರಸ್ತೆ ಈಗ ನೀರಿಗೆ ಇಳಿಯುವುದಿಲ್ಲ. 2025ರ ಜುಲೈ 14ರಂದು ತೆರೆದ ಹೊಸ ಸೇತುವೆ ಸುಮಾರು 2.4 ಕಿಲೋಮೀಟರು ಉದ್ದವಾಗಿದೆ. ಅದರ ನಡುಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹುರಿಗಳು ಹಿಡಿದಿವೆ. ದೂರದಿಂದ ನೋಡಿದರೆ ಮಗ್ಗಕ್ಕೆ ಹಾಸು ಹೂಡಿದಂತೆ ಕಾಣುತ್ತದೆ. ನಮ್ಮ ಕಾರು ಮೂರು ನಿಮಿಷದಲ್ಲಿ ಆಚೆ ದಡದಲ್ಲಿತ್ತು! ಹುಡುಗನಿಗೆ ನಿರಾಸೆಯಾಯಿತು. "ಇಷ್ಟ ಏನ್ರಿ?" ಎಂದ. ನಮಗೂ ಒಳಗೊಳಗೆ ಅದೇ ಅನಿಸಿತ್ತೆಂಬುದನ್ನು ಮರೆಮಾಚಲಾರೆವು. ಆ ಗುಡುಗುವ ಎಂಜಿನ್ನು, ಮೆಲ್ಲಗೆ ಸರಿಯುವ ಗುಡ್ಡ, ಅಪರಿಚಿತರು ಪಕ್ಕದಲ್ಲಿ ಕುಳಿತು ಮಾತಿಗೆ ತೊಡಗುವ ಆ ಅರ್ಧ ಗಳಿಗೆ, ಇವೆಲ್ಲ ಹೋದವಲ್ಲ ಎಂದು ಮನಸ್ಸು ಮರುಗಿತು.

ಕತ್ತಲಾದ ಮೇಲೆ ಕಳಸವಳ್ಳಿಯ ಕಡೆಯ ಒಂದು ಚಹಾದಂಗಡಿಯಲ್ಲಿ ಕುಳಿತೆವು. ಗಂಟೆ ಎಂಟಾಗಿತ್ತು. ಲಾಂಚಿನ ಕಾಲದಲ್ಲಿ ಆ ಹೊತ್ತಿಗೆ ದಡವೆಲ್ಲ ನಿರ್ಜನವಾಗಿರುತ್ತಿತ್ತು. ಈಗ ಸೇತುವೆಯ ಮೇಲೆ ದೀಪಗಳು ಹೋಗುತ್ತಿದ್ದವು, ಬರುತ್ತಿದ್ದವು. ಲಾಂಚು ಹೋದದ್ದಕ್ಕೆ ನಿಮಗೆ ಬೇಸರವಿಲ್ಲವೇ ಎಂದು ಅಂಗಡಿಯವರನ್ನು ಕೇಳಿದೆವು. ಅವರು ಲೋಟ ತೊಳೆಯುತ್ತ ಹೇಳಿದರು: "ನೋಡ್ಲಿಕ್ಕೆ ಚೆಂದ ಇತ್ತು ಸ್ವಾಮೀ. ಆದರೆ ಮನೇಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಗಡಿಯಾರ ನೋಡ್ತಿದ್ವಿ. ಈಗ ರಾತ್ರಿ ನಿದ್ದೆ ಬರ್ತದೆ."

ನಮ್ಮ ಮರುಕವೆಲ್ಲ ಅಲ್ಲಿಗೆ ತಣ್ಣಗಾಯಿತು. ನಮಗೆ ವರ್ಷಕ್ಕೊಮ್ಮೆಯ ವಿನೋದವಾಗಿದ್ದ ದಾರಿ ಅವರಿಗೆ ಅರವತ್ತು ವರ್ಷಗಳ ಕಾಯುವಿಕೆಯಾಗಿತ್ತು. ನಾಡಿಗೆ ಬೆಳಕು ಕೊಟ್ಟವರಿಗೆ ನಾಡು ಒಂದು ದಾರಿ ಕೊಡಲು 1964ರಿಂದ 2025ರವರೆಗೆ ಕಾಲ ಬೇಕಾಯಿತು. ತಡವಾಗಿ ತೀರಿದರೂ ಋಣ ತೀರಿತಲ್ಲ ಎನ್ನಲು ಹೋದರೆ ನಾಲಗೆ ತಡೆಯುತ್ತದೆ. ಸೇತುವೆ ಬಂದದ್ದು ದಾಟುವುದಕ್ಕೆ, ಮುಳುಗಿದ್ದು ಮೇಲೆದ್ದಿಲ್ಲ.

ಹುಡುಗ ಅಂಗಡಿಯವರನ್ನು ಕೇಳಿದ: "ಹದಿನಾರು ವರ್ಷದ ಹಿಂದೆ ನಮ್ಮ ಅಮ್ಮ ಲಾಂಚಿನ್ಯಾಗ ಒಬ್ಬ ಅಜ್ಜಿಗೆ ಖಣ ಕೊಟ್ಟಿದ್ದರು. ಅವರ ಮನಿ ಎಲ್ಲೈತಿ?" ಅವರು ಕೇಳಿದರು, "ಯಾವ ಊರಿನವರು?" ಹುಡುಗ ನಮ್ಮ ಮುಖ ನೋಡಿದ. ನಾವು ತಲೆ ತಗ್ಗಿಸಿದೆವು. ಅಂದಿನ ಕಿರುಹೊತ್ತಿಗೆ ನಮ್ಮ ಚೀಲದಲ್ಲಿಯೇ ಇತ್ತು. ಅದರಲ್ಲಿ ಅಣೆಕಟ್ಟಿನ ಮಟ್ಟವಿತ್ತು, ಜಲಪಾತದ ಎತ್ತರವಿತ್ತು, ನದಿಯ ಉದ್ದವಿತ್ತು. ಆ ಮುದುಕಿ ನಮ್ಮ ಎದುರಿನಲ್ಲಿಯೇ ಹೇಳಿದ ಮುಳುಗಿದ ಊರಿನ ಹೆಸರು ಇರಲಿಲ್ಲ. ಅವರ ಹೆಸರೂ ಇರಲಿಲ್ಲ. ಅಂಕಿಗಳನ್ನು ಯಾವ ಪುಸ್ತಕದಲ್ಲಾದರೂ ನೋಡಬಹುದಾಗಿತ್ತು. ಬರೆದುಕೊಳ್ಳಬೇಕಾಗಿದ್ದುದು ಅದೊಂದೇ ಹೆಸರು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೆವು.

ಊರಿಗೆ ಮರಳಿದ ವಾರವೇ ಹುಡುಗನನ್ನು ಕರೆದುಕೊಂಡು ಹಳೆಯ ಬಾಗಲಕೋಟೆಗೆ ಹೋದೆವು. ಅವನ ಅಜ್ಜಿಯ ತಮ್ಮನೊಬ್ಬರು ನವನಗರದಲ್ಲಿದ್ದಾರೆ, ಎಂಬತ್ತು ದಾಟಿದವರು. ಅವರನ್ನು ಹಿನ್ನೀರಿನ ಅಂಚಿನಲ್ಲಿ ಕೂರಿಸಿ, ಮನೆ ಎಲ್ಲಿತ್ತು, ಓಣಿಯ ಹೆಸರೇನು, ಮಗ್ಗಲಿಗೆ ಯಾರ ಮನೆ, ಬಾವಿ ಎಲ್ಲಿ, ಬಣ್ಣದ ಮನೆ ಎಲ್ಲಿ ಎಂದು ಕೇಳಿ ಕೇಳಿ ಹುಡುಗ ಬರೆದುಕೊಂಡ. ಎಂಟು ಪುಟಗಳಾದವು. ಮುದುಕರು ನೀರಿನ ಕಡೆಗೆ ಬೆರಳು ಮಾಡುತ್ತ ಒಂದೊಂದು ಮನೆಯನ್ನೂ ಹೇಳುತ್ತಿದ್ದಾಗ, ಆ ಓಣಿ ಕಣ್ಣೆದುರಿಗೆ ಎದ್ದು ನಿಂತಂತಾಯಿತು.

ಕೃಷ್ಣೆ, ಘಟಪ್ರಭೆಯರ ಹಿನ್ನೀರಿಗೆ ಊರು ಕೊಟ್ಟ ಮನೆತನಗಳು ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಇವೆ. ಆ ಊರುಗಳನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳನ್ನು ರಜೆಯಲ್ಲಿ ಜಲಾಶಯ ತೋರಿಸಲು ಕರೆದುಕೊಂಡು ಹೋಗುವ ತಂದೆತಾಯಿಗಳು ಒಬ್ಬ ಹಿರಿಯರನ್ನೂ ಜೊತೆಗೆ ಕರೆದೊಯ್ಯಲಿ. ಒಂದು ನೋಟುಪುಸ್ತಕವೂ ಇರಲಿ. ಎಷ್ಟು ಆಳ ಎಂದು ಆಮೇಲೆ ಕೇಳೋಣ. ಯಾವ ಊರು ಎಂದು ಮೊದಲು ಕೇಳೋಣ.